ಬದುಕಿದ್ದವಳಿಗೆ ಹಾಕಿದ ಹಾರ

ಶನಿವಾರ ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷ. ಖಾರ್ತೂಮಿನ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ಕೂತು ಯಾರದೋ ರಕ್ತದ ಬಿಳಿಕಣ ಎಣಿಸುತ್ತಿದ್ದೆ. ಎಪ್ಪತ್ತೆರಡಕ್ಕೆ ಬಂದಿದ್ದೆ. ಮೈಕ್ರೋಸ್ಕೋಪಿನೊಳಗೆ ಕಣಗಳೆಲ್ಲ ಒಮ್ಮೆಲೇ ನಡುಗಿದವು. ಪಕ್ಕದ ವಾರ್ಡಿನಲ್ಲಿ ಯಾರೋ ಆಕ್ಸಿಜನ್ ಸಿಲಿಂಡರ್ ಉರುಳಿಸಿರಬೇಕು ಎಂದುಕೊಂಡು, ಬೈದುಕೊಳ್ಳುತ್ತಲೇ ಮತ್ತೆ ಒಂದರಿಂದ ಶುರು ಮಾಡಿದೆ. ಎರಡನೆಯ ಸಲ ನಡುಗಿದಾಗ ಕಿಟಕಿಯ ಗಾಜು ಒಳಗೆ ಬಂತು.

ಸುಡಾನಿನ ಯುದ್ಧ ನನ್ನ ಪಾಲಿಗೆ ಶುರುವಾದದ್ದು ಹಾಗೆ. ಅದರ ಬಗ್ಗೆ ಮಾತಾಡಬಾರದು ಎಂದುಕೊಂಡಿದ್ದೆ. ಆದರೆ ಹೋದ ತಿಂಗಳು ಮೈಸೂರಿಗೆ ಹೋಗುವಾಗ ಬಸ್ಸು ಹೊಳೆನರಸೀಪುರದಲ್ಲಿ ನಿಂತಿತು. ಹೂ ಮಾರುವ ಹೆಂಗಸೊಬ್ಬಳು ಸೇವಂತಿಗೆ ಹಾರಗಳನ್ನು ತೋಳಿಗೆ ಇಳಿಬಿಟ್ಟುಕೊಂಡು ನನ್ನ ಕಿಟಕಿಯ ಹತ್ತಿರ ಬಂದಳು. ಆ ಒಗರು ವಾಸನೆ ಮೂಗಿಗೆ ಬಡಿದದ್ದೇ ತಡ, ಸೀಟು ಬಿಟ್ಟುಕೊಟ್ಟು ಬಸ್ಸಿನ ಆ ಕಡೆಗೆ ಹೋಗಿ ನಿಂತೆ. ಮೈಸೂರು ಬರುವವರೆಗೂ ನಿಂತೇ ಇದ್ದೆ. ಆ ಒಂದು ವರ್ಷವನ್ನು ಬರೆದಾದರೂ ಇಳಿಸಿಬಿಡೋಣ ಎನ್ನಿಸಿದ್ದು ಅಲ್ಲಿ.

ನಾನು ಅರಕಲಗೂಡಿನ ಕಡೆಯವಳು. ಲ್ಯಾಬ್ ಟೆಕ್ನಿಷಿಯನ್. ನಮ್ಮ ಆಸ್ಪತ್ರೆಯಲ್ಲಿ ಕನ್ನಡ ಬಲ್ಲವರು ಇಬ್ಬರೇ: ನಾನು ಮತ್ತು ನರ್ಸ್ ಶೈಲಜಾ. ಅವಳು ಹೊಳೆನರಸೀಪುರದ ಕೋಟೆ ಬೀದಿಯ ವೈದಿಕರ ಮನೆಯ ಮಗಳು. ಖಾರ್ತೂಮಿನ ಯಾಸಿರ್ ಎಂಬ ತಂತ್ರಜ್ಞನನ್ನು ಮದುವೆಯಾದಾಗ ಅವಳ ಅಪ್ಪ ಹೇಮಾವತಿಯ ದಂಡೆಯಲ್ಲಿ ಮಡಕೆ ಒಡೆದು, ಬದುಕಿರುವ ಮಗಳಿಗೆ ಎಳ್ಳುನೀರು ಬಿಟ್ಟು ಬಂದಿದ್ದರಂತೆ. ಘಟಶ್ರಾದ್ಧ. ‘ನಾನು ಸತ್ತು ಹತ್ತು ವರ್ಷ ಆಯ್ತು ಕಣೇ, ಅದಕ್ಕೇ ಈ ಬಿಸಿಲು ತಡ್ಕೊಂಡಿದೀನಿ’ ಎಂದು ನಗುತ್ತಿದ್ದಳು. ಅವಳಿಗೆ ಒಬ್ಬಳೇ ಮಗಳು, ಏಳು ವರ್ಷದ ಲೀನಾ. ಎರಡೂ ಕಡೆಯವರ ನಾಲಿಗೆಗೆ ಒಗ್ಗಲಿ ಎಂದು ಇಟ್ಟ ಹೆಸರು. ಒಂದು ಕಡೆಯವರು ಅದನ್ನು ಒಮ್ಮೆಯೂ ಕರೆದಿರಲಿಲ್ಲ.

ಹತ್ತು ದಿನ ಆಸ್ಪತ್ರೆಯ ಹಾಸ್ಟೆಲಿನ ನೆಲಮಾಳಿಗೆಯಲ್ಲಿದ್ದೆವು, ನಾನು, ಶೈಲಜಾ, ಲೀನಾ, ಹಾಸಿಗೆ ಹಿಡಿದ ಅವಳ ಅತ್ತೆ. ಭಾರತೀಯರಿಗೆ ಬಸ್ಸು ಹೊರಡುತ್ತದೆ ಎಂದು ಗೊತ್ತಾದ ಬೆಳಿಗ್ಗೆ ಶೈಲಜಾ ಲೀನಾಳ ಜಡೆ ಹಾಕುತ್ತಾ ಹೇಳಿದಳು. ‘ಇವಳನ್ನ ನೀನು ಕರ್ಕೊಂಡು ಹೋಗಿಬಿಡು. ಯಾಸಿರ್ ಸೇತುವೆ ಆಚೆ ಸಿಕ್ಕಾಕ್ಕೊಂಡಿದಾನೆ. ಅತ್ತೆಗೆ ಎದ್ದು ಕೂರೋಕೂ ಆಗಲ್ಲ. ಅವರನ್ನ ಬಿಟ್ಟು ನಾನು ಹೆಂಗೆ ಬರ್ಲಿ?’

‘ಹುಚ್ಚು ಹಿಡಿದಿದ್ಯಾ? ನೀನೂ ಬಾ.’

‘ಒಂದ್ಸಲ ಬಿಟ್ಟು ಬಂದೋಳು ನಾನು. ಇನ್ನೊಂದ್ಸಲ ಆಗಲ್ಲ.’

ಬಸ್ಸನ್ನು ಹನ್ನೊಂದು ಕಡೆ ನಿಲ್ಲಿಸಿದರು. ಆರನೆಯದು ಮಾತ್ರ ಈಗಲೂ ನನ್ನೊಳಗೆ ಓಡುತ್ತಲೇ ಇರುತ್ತದೆ. ಮೀಸೆ ಸರಿಯಾಗಿ ಚಿಗುರಿರದ ಸೈನಿಕನೊಬ್ಬ ಹತ್ತಿ ಬಂದು ಬಂದೂಕಿನ ಬಾಯನ್ನು ನನ್ನ ಮಂಡಿಯ ಮೇಲೆ ಇಟ್ಟ. ಒತ್ತಲಿಲ್ಲ, ಸುಸ್ತಾದವನು ಕೋಲು ಊರುವ ಹಾಗೆ ಇಟ್ಟ. ಈ ಮಗು ನಮ್ಮ ದೇಶದ್ದು, ನಿನ್ನ ಜೊತೆ ಯಾಕಿದೆ ಎಂದು ಅರಬ್ಬಿಯಲ್ಲಿ ಕೇಳಿದ. ಲೀನಾ ಅವನ ಮುಖ ನೋಡಿ, ‘ನಮ್ಮ ಚಿಕ್ಕಮ್ಮ’ ಎಂದು ಅವನ ಭಾಷೆಯಲ್ಲೇ ಹೇಳಿದಳು. ಅವನು ಇಳಿದುಹೋದ. ನಡೆದದ್ದು ಇಷ್ಟೇ. ಆದರೆ ಕಣ್ಣು ಮುಚ್ಚಿದರೆ ಅದು ಇಷ್ಟಕ್ಕೇ ನಿಲ್ಲುವುದಿಲ್ಲ. ಒಂದು ಸಲ ಲೀನಾ ನಿದ್ದೆ ಮಾಡುತ್ತಿರುತ್ತಾಳೆ. ಒಂದು ಸಲ ಅವಳು ‘ಅಮ್ಮ ಬೇಕು’ ಎನ್ನುತ್ತಾಳೆ. ಒಂದು ಸಲ ಅವನು ಸುಸ್ತಾಗಿರುವುದಿಲ್ಲ.

ಬಂದರಿನ ಊರಿನಲ್ಲಿ ಒಂದು ಶಾಲೆಯ ಬೆಂಚಿನ ಮೇಲೆ ಕಾಗದ ಹರಡಿಕೊಂಡು ಒಬ್ಬರು ಹೆಸರು ಬರೆದುಕೊಳ್ಳುತ್ತಿದ್ದರು. ಮೂರು ದಿನದಿಂದ ನಿದ್ದೆಯಿಲ್ಲದ ಮುಖ. ಲೀನಾಳ ಹತ್ತಿರ ನಮ್ಮ ದೇಶದ ಪಾಸ್‌ಪೋರ್ಟ್ ಇರಲಿಲ್ಲ. ತಾಯಿ ಭಾರತೀಯಳು ಎಂದು ತೋರಿಸಲು ಶೈಲಜಾಳ ಪಾಸ್‌ಪೋರ್ಟಿನ ಒಂದು ಜೆರಾಕ್ಸ್ ಇತ್ತು. ‘ತಾಯಿ ಎಲ್ಲಿ? ತಾಯಿ ಬಂದು ಸಹಿ ಮಾಡಲಿ, ಇಲ್ಲವಾದರೆ ಮಗುವನ್ನು ಹತ್ತಿಸುವುದು ಕಷ್ಟ’ ಎಂದು ಅವರು ಹಿಂದಿಯಲ್ಲಿ ಕೇಳಿದರು. ನನ್ನ ಹಿಂದೆ ಇನ್ನೂರು ಜನ. ಲೀನಾಗೆ ಹಿಂದಿ ಬರುತ್ತಿರಲಿಲ್ಲ. ‘ತಾಯಿ ತೀರಿಕೊಂಡಳು’ ಎಂದೆ. ಅವರು ಪೆನ್ನು ನಿಲ್ಲಿಸಿ ಲೀನಾಳ ತಲೆ ಸವರಿ, ಬರೆದುಕೊಂಡರು. ನಾನು ಹೇಳಿದ್ದು ಎರಡು ಪದ. ಹಡಗು ಹತ್ತುವಾಗ ಗೆದ್ದವಳ ಹಾಗೆ ಹತ್ತಿದೆ, ಅದನ್ನೂ ಮುಚ್ಚಿಡುವುದಿಲ್ಲ.

ಅರಕಲಗೂಡಿನ ಹತ್ತಿರದ ನಮ್ಮ ಹಳ್ಳಿಗೆ ಬಂದೆವು. ನಮ್ಮವ್ವ ಗೌರಮ್ಮ ಮಗುವನ್ನು ನೋಡಿ, ಯಾರು ಏನು ಎಂದು ಕೇಳದೆ, ‘ಬಾ ಕಣವ್ವ, ಮಕ ತೊಳ್ಕ, ಮುದ್ದೆ ಆಗದಿದ್ರೆ ಅನ್ನ ಐತೆ’ ಎಂದಳು. ಊರಿನವರು ಲೀನಾಳ ಗುಂಗುರು ಕೂದಲು ಮುಟ್ಟಿ ನೋಡಲು ಬರುತ್ತಿದ್ದರು. ‘ಎಷ್ಟ್ ದಪ್ಪ ಐತೆ ಕೂದ್ಲು, ಬಾಚಣಿಗೇನೇ ಮುರ್ದೋಗದು’ ಎಂದು ಒಬ್ಬಳು ಅಂದರೆ ಅವ್ವ, ‘ನಿನ್ ತಲೇಲಿ ಬಾಚಕ್ಕೆ ಏನೈತೆ ಅಂತ ಬಂದಿದ್ದೀಯೆ?’ ಎಂದು ಓಡಿಸುತ್ತಿದ್ದಳು. ಮಗು ನಕ್ಕಿದ್ದು ಅದೇ ಮೊದಲು.

ಆದರೆ ಅಲ್ಲಿ ಇರಲು ಆಗಲಿಲ್ಲ. ಆ ವರ್ಷ ಮುಂಗಾರಿಗೆ ಮೊದಲೇ ಆನೆಗಳು ಕೆರೆ ಏರಿಯವರೆಗೆ ಬರುತ್ತಿದ್ದವು. ಮುಸ್ಸಂಜೆಯಾದರೆ ಹೊಲದ ಬದುಗಳಲ್ಲಿ ನಿಂತು ಪಟಾಕಿ ಸಿಡಿಸುವುದು ಊರಿನವರಿಗೆ ದನ ಕಟ್ಟುವಷ್ಟೇ ಮಾಮೂಲು ಕೆಲಸ. ಮೊದಲ ಸಂಜೆ ಮೊದಲ ಗರ್ನಲ್ ಸಿಡಿದಾಗ ಲೀನಾ ಮಂಚದ ಕೆಳಗಿದ್ದಳು. ಅವಳನ್ನು ಹೊರಗೆಳೆಯಲು ಬಗ್ಗಿದ ಅವ್ವನಿಗೆ ಕಂಡದ್ದು, ಅವಳ ಪಕ್ಕದಲ್ಲಿ ಕಿವಿ ಮುಚ್ಚಿಕೊಂಡು ಮಲಗಿದ್ದ ನಾನು. ಅವ್ವ ಬಹಳ ಹೊತ್ತು ಬಗ್ಗಿಯೇ ಇದ್ದಳು. ‘ಆನೆ ಕಣೇ ಅದು. ಬರೀ ಆನೆ’ ಎಂದಳು. ಆಮೇಲೆ ಒಂದು ಚಾಪೆ ತಂದು ಮಂಚದ ಕೆಳಗೇ ತಳ್ಳಿದಳು. ಇಪ್ಪತ್ತು ದಿನ ನಾವಿಬ್ಬರೂ ಅಲ್ಲೇ ಮಲಗಿದೆವು. ಮಲಗಿದೆವು ಅಷ್ಟೇ. ಒಬ್ಬರ ಉಸಿರು ಇನ್ನೊಬ್ಬರು ಕೇಳುತ್ತಾ ಬೆಳಗು ಮಾಡುತ್ತಿದ್ದೆವು. ಶೈಲಜಾಳಿಗೆ ಮಾಡಿದ ಫೋನು ಒಂದು ದಿನವೂ ಹೋಗಲಿಲ್ಲ.

ಒಂದು ಭಾನುವಾರ ಹೊಳೆನರಸೀಪುರದಿಂದ ಕಾರು ಬಂತು. ಶೈಲಜಾಳ ಅಣ್ಣ ಶ್ರೀಧರ ಮೇಷ್ಟ್ರು, ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವರು. ಜೊತೆಗೆ ತಾಯಿ ಸೀತಮ್ಮನವರು. ಅಪ್ಪ ತೀರಿಹೋಗಿ ಕೆಲವು ವರ್ಷಗಳಾಗಿದ್ದವು. ಬಂದರಿನಲ್ಲಿ ನಾನು ಹೇಳಿದ್ದು ಪಟ್ಟಿಯಿಂದ ಪಟ್ಟಿಗೆ ಇಳಿದು, ಹಾಸನದ ಒಂದು ಕಚೇರಿಗೆ ಬಂದು, ಅಲ್ಲಿಂದ ಪಾಸ್‌ಪೋರ್ಟಿನ ವಿಳಾಸ ಹಿಡಿದು ಅವರ ಮನೆಗೆ ಪತ್ರವಾಗಿ ಹೋಗಿತ್ತು. ಸೀತಮ್ಮನವರು ಜಗಲಿಯ ಮೇಲೆ ಕೂತು ಲೀನಾಳನ್ನು ಎಳೆದುಕೊಂಡರು. ಅವಳ ಕಿವಿಯ ಹಿಂದೆ, ಕುತ್ತಿಗೆಯ ಹತ್ತಿರ, ಬೆರಳಾಡಿಸಿ ಏನೋ ಹುಡುಕುತ್ತಿದ್ದರು. ‘ಶೈಲೂಗೂ ಇಲ್ಲೇ ಮಚ್ಚೆ ಇತ್ತು’ ಎಂದರು.

ಮೇಷ್ಟ್ರು ನನ್ನನ್ನು ಹಿತ್ತಿಲಿಗೆ ಕರೆದರು. ‘ನೋಡಮ್ಮ, ನಾನು ಸುಳ್ಳು ಹೇಳಲ್ಲ. ಅವಳು ಬದುಕಿದ್ದಿದ್ರೆ ನಾನು ಈ ಮೆಟ್ಟಿಲು ಹತ್ತುತ್ತಾ ಇರ್ಲಿಲ್ಲ. ಅಪ್ಪ ಮಾಡಿದ್ದನ್ನ ಮುರಿಯೋಕೆ ನಂಗೆ ಧೈರ್ಯ ಇಲ್ಲ. ಹೋದವಳ ಮೇಲೆ ಇನ್ನೇನು ಕೋಪ? ಮಗು ನಮ್ಮದು.’ ಆಮೇಲೆ ಕನ್ನಡಕ ತೆಗೆದು ಒರೆಸುತ್ತಾ ಕೇಳಿದರು. ‘ನೀವು ಕಣ್ಣಾರೆ ನೋಡಿದ್ರಾ?’

ಅಲ್ಲಿ ನಾನು ನಿಜ ಹೇಳಬಹುದಿತ್ತು. ಜಗಲಿಯಿಂದ ಸೀತಮ್ಮನವರು ಲೀನಾಗೆ ಏನೋ ಹೇಳಿಕೊಡುವುದು ಕೇಳುತ್ತಿತ್ತು. ಅವಳು ‘ಅಜ್ಜಿ’ ಎನ್ನುತ್ತಿದ್ದಳು. ಆನೆಯ ಪಟಾಕಿ ಇಲ್ಲದ ಮನೆ, ಹತ್ತಿರದಲ್ಲೇ ಶಾಲೆ, ರಕ್ತಸಂಬಂಧ. ನಾನು ಅವಿವಾಹಿತೆ, ಕೆಲಸವಿಲ್ಲದವಳು, ಮಂಚದ ಕೆಳಗೆ ಮಲಗುವವಳು. ಶೈಲಜಾ ಬಂದ ದಿನ ಎಲ್ಲರೂ ಸೇರಿ ನನ್ನನ್ನು ಬೈದರೆ ಬೈಸಿಕೊಂಡರಾಯಿತು ಎಂದು ಲೆಕ್ಕ ಹಾಕಿದೆ. ‘ಹೂಂ, ನೋಡಿದೆ’ ಎಂದೆ. ಮೊದಲನೆಯ ಸುಳ್ಳಿಗೆ ಹಡಗಿನ ನೆಪವಿತ್ತು. ಎರಡನೆಯದನ್ನು ನಮ್ಮ ಹಿತ್ತಿಲಿನ ನೆರಳಿನಲ್ಲಿ, ಯಾರ ಬಂದೂಕೂ ಇಲ್ಲದೆ, ತಣ್ಣಗೆ ನಿಂತು ಹೇಳಿದೆ.

ಮಗುವಿಗೆ ಸದ್ಯಕ್ಕೆ ಹೇಳುವುದು ಬೇಡ ಎಂದು ಮೇಷ್ಟ್ರು ಲೀನಾಳನ್ನು ಕಾರಿನಲ್ಲಿ ಕರೆದುಕೊಂಡು ಹೋದರು. ನಾನು ಹಾಸನದ ಒಂದು ಲ್ಯಾಬಿಗೆ ಸೇರಿದೆ. ಬಾಡಿಗೆ ಕೋಣೆ, ಬಸ್ ಸ್ಟ್ಯಾಂಡಿನ ಹತ್ತಿರ. ಟಿಪ್ಪರಿನ ಹಿಂಬಾಗಿಲು ಧಡ್ ಎಂದರೆ ಟೆಸ್ಟ್‌ಟ್ಯೂಬ್ ಕೈಯಿಂದ ಜಾರುತ್ತಿತ್ತು. ಹದಿನೈದು ದಿನ ಕಳೆದ ಮೇಲೆ ಲೀನಾ ಅಜ್ಜಿಯ ಫೋನಿನಿಂದ ಮಾತಾಡಿದಳು. ಅಷ್ಟು ಖುಷಿಯಾಗಿ ಅವಳು ಮಾತಾಡಿದ್ದನ್ನು ನಾನು ಕೇಳಿಯೇ ಇರಲಿಲ್ಲ.

‘ಆಂಟಿ, ಮಾಮಂಗೆ ಅಮ್ಮನ ಮೇಲೆ ಕೋಪ ಹೋಯ್ತು!’

‘ಯಾರು ಹೇಳಿದ್ರು?’

‘ಯಾರೂ ಹೇಳ್ಲಿಲ್ಲ. ಅಮ್ಮನ ಫೋಟೊ ದೊಡ್ಡದು ಮಾಡ್ಸಿ ಗೋಡೆಗೆ ಹಾಕಿದಾರೆ. ಹಳದಿ ಹೂವಿನ ಹಾರ ಹಾಕಿದಾರೆ. ದೀಪಾನೂ ಇಟ್ಟಿದಾರೆ, ಆರಿಹೋಗದ ಹಾಗೆ ಅಜ್ಜಿ ಎಣ್ಣೆ ಹಾಕ್ತಾನೇ ಇರ್ತಾರೆ. ನಿನ್ನೆ ಎಲ್ಲರೂ ಬಂದು ಊಟ ಮಾಡಿದ್ರು, ಅಮ್ಮಂಗೋಸ್ಕರ. ಅಮ್ಮ ಬಂದಾಗ ತೋರಿಸ್ತೀನಿ.’

ಅವಳು ಬೆಳೆದ ಊರಿನಲ್ಲಿ ಸತ್ತವರ ಫೋಟೊಗೆ ಯಾರೂ ಹಾರ ಹಾಕುವುದಿಲ್ಲ. ವೈಕುಂಠ ಸಮಾರಾಧನೆಯ ಊಟವನ್ನು ಅವಳು ಹಬ್ಬವೆಂದು ಉಂಡಿದ್ದಳು. ‘ಚೆನ್ನಾಗಿದೆಯಾ ಹಾರ?’ ಎಂದು ಕೇಳಿದೆ. ಹೌದು, ಹಾಗೆಂದು ಕೇಳಿದೆ.

ಜುಲೈನಲ್ಲಿ ಶಾಲೆಯ ಹುಡುಗಿಯೊಬ್ಬಳು ಅವರ ಮನೆಗೆ ಬಂದು ಗೋಡೆ ನೋಡಿ, ‘ಆರ ಆಕವ್ರೆ ಅಂದ್ರೆ ನಿಮ್ಮಮ್ಮ ಸತ್ತೋಗವ್ರೆ ಕಣೇ, ಅಷ್ಟೂ ಗೊತ್ತಿಲ್ವಾ?’ ಎಂದಳಂತೆ. ಅದನ್ನು ನನಗೆ ಹೇಳಿದ್ದು ಸೀತಮ್ಮನವರು. ಮಗು ಅಂದು ಅಳಲಿಲ್ಲವಂತೆ. ಹಾರ ಕಿತ್ತು ಹಿತ್ತಿಲಿಗೆ ಎಸೆದಳಂತೆ. ಮೇಷ್ಟ್ರು ಬೈಯದೆ ಇನ್ನೊಂದು ತಂದು ಹಾಕಿದರಂತೆ. ‘ನಿನ್ನ ಹತ್ರ ಮಾತಾಡು ಅಂದ್ರೆ ಬೇಡ ಅಂತಾಳೆ ಕಣಮ್ಮ. ರೇಖಾ ಆಂಟಿಗೆ ಗೊತ್ತಿತ್ತು ಅಂತಾಳೆ’ ಎಂದರು. ಆಮೇಲೆ ಒಮ್ಮೆಯೂ ನನ್ನ ಫೋನಿಗೆ ಅವಳು ಬರಲಿಲ್ಲ. ಗಣೇಶನ ಹಬ್ಬದ ಪಟಾಕಿಗಳ ವಾರ ಅವಳು ಯಾವ ಮಂಚದ ಕೆಳಗೆ ಇದ್ದಳೋ.

ಮಳೆ ನಿಂತ ಮೇಲೆ ಒಂದು ಮಧ್ಯಾಹ್ನ, ಗೊತ್ತಿಲ್ಲದ ವಿದೇಶಿ ನಂಬರಿನಿಂದ ಧ್ವನಿ ಸಂದೇಶ ಬಂತು. ಹಿಂದೆ ಗಾಳಿ, ಯಾರದೋ ಮಗುವಿನ ಅಳು, ನಡುವೆ ಅವಳು. ‘ರೇಖಾ, ನಾನು ಕಣೇ. ಶೈಲಜಾ. ಫೋನು ಬೇರೆಯವರದು. ಗಡಿ ದಾಟಿ ಶಿಬಿರದಲ್ಲಿದೀನಿ, ಅತ್ತೇನೂ ಇದಾರೆ. ಯಾಸಿರ್ ಸಿಕ್ಕಿಲ್ಲ. ಲೀನಾ ಹೇಗಿದಾಳೆ? ಅಣ್ಣ ಒಳಗೆ ಸೇರಿಸಿದ್ನಾ? ಇಲ್ಲಾಂದ್ರೆ ನೀನೇ ಇಟ್ಕೋ.’

ಬದುಕಿದ್ದಾಳೆ ಎಂಬ ಸಂತೋಷಕ್ಕಿಂತ ಮುಂಚೆ ಬಂದದ್ದು ಸಿಕ್ಕಿಬಿದ್ದೆ ಎಂಬ ಹೆದರಿಕೆ. ಅದನ್ನು ಇಂದಿಗೂ ನನಗೆ ಕ್ಷಮಿಸಿಕೊಳ್ಳಲು ಆಗಿಲ್ಲ.

ಮಾರನೆಯ ದಿನ ಹೊಳೆನರಸೀಪುರಕ್ಕೆ ಹೋದೆ. ಮನೆಯ ಮುಂದೆ ನೀರು ಹಾಕಿತ್ತು, ರಂಗೋಲಿ ಇರಲಿಲ್ಲ. ಆಗ ನೆನಪಾಯಿತು: ಮಹಾಲಯ ಅಮಾವಾಸ್ಯೆ. ಒಳಗೆ ಮೇಷ್ಟ್ರು ಒದ್ದೆ ಪಂಚೆಯಲ್ಲಿ ಕೂತಿದ್ದರು. ಬೆರಳಿಗೆ ದರ್ಭೆಯ ಉಂಗುರ, ಮುಂದೆ ಎಳ್ಳು, ಅನ್ನದ ಉಂಡೆಗಳು. ಪುರೋಹಿತರು ಒಂದೊಂದೇ ಹೆಸರು ಹೇಳಿಸುತ್ತಿದ್ದರು. ಸೀತಮ್ಮನವರು ಅಡಿಗೆಮನೆಯ ಬಾಗಿಲಲ್ಲಿದ್ದರು. ಲೀನಾ ಅಟ್ಟದ ಮೆಟ್ಟಿಲ ಮೇಲೆ ಕೂತು ನನ್ನನ್ನು ನೋಡಿ ಮುಖ ತಿರುಗಿಸಿದಳು. ತೆಳ್ಳಗಾಗಿದ್ದಳು. ಕೂದಲನ್ನು ಎಣ್ಣೆ ಹಾಕಿ ಬಿಗಿದು ನೆತ್ತಿಗೆ ಅಂಟಿಸಿದ್ದರು.

‘ಮೇಷ್ಟ್ರೇ, ಒಂದು ನಿಮಿಷ’ ಎಂದೆ.

‘ಆಮೇಲೆ ಕಣಮ್ಮ. ಪಿಂಡ ಇಡೋ ಹೊತ್ತು.’

‘ಶೈಲಜಾ ಹೆಸರಲ್ಲಿ ಇಡಬೇಡಿ.’

ಪುರೋಹಿತರ ಮಂತ್ರ ಅರ್ಧಕ್ಕೆ ನಿಂತಿತು. ನಾನು ಹೊಸ್ತಿಲಾಚೆಯೇ ನಿಂತು ಫೋನಿನಲ್ಲಿ ಅವಳ ಧ್ವನಿ ಸಂದೇಶ ಹಾಕಿದೆ. ‘ಅಣ್ಣ ಒಳಗೆ ಸೇರಿಸಿದ್ನಾ’ ಎಂಬಲ್ಲಿ ಮೇಷ್ಟ್ರ ಕೈಯ ಉಂಡೆ ಎಲೆಯ ಮೇಲೆ ಬಿತ್ತು. ಮೆಟ್ಟಿಲ ಮೇಲಿಂದ ಲೀನಾ ಯಾವಾಗ ಇಳಿದಳೋ, ನನ್ನ ಕೈಯ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. ಸೀತಮ್ಮನವರು ‘ಇನ್ನೊಂದ್ಸಲ ಹಾಕು’ ಎಂದರು. ಹಾಕಿದೆ. ‘ಇನ್ನೊಂದ್ಸಲ’ ಎಂದರು.

ಎಲ್ಲವನ್ನೂ ಹೇಳಿದೆ. ಬಂದರು, ಪಟ್ಟಿ, ಹಿತ್ತಿಲು. ಮೇಷ್ಟ್ರು ಕೂಗಾಡುತ್ತಾರೆ ಎಂದುಕೊಂಡಿದ್ದೆ. ಅವರು ತರಗತಿಯಲ್ಲಿ ಲೆಕ್ಕ ಬಿಡಿಸಿ ಹೇಳುವಷ್ಟು ನಿಧಾನವಾಗಿ ಹೇಳಿದರು. ‘ಅಪ್ಪ ಅವಳನ್ನ ಕೋಪದಲ್ಲಿ ಸಾಯಿಸಿದ್ರು. ನೀವು ನನ್ನ ಕೈಲಿ ದುಃಖದಲ್ಲಿ ಸಾಯಿಸಿದ್ರಿ. ನಾನು ಹನ್ನೆರಡು ದಿನ ನೆಲದ ಮೇಲೆ ಮಲಗಿದೀನಿ ಕಣಮ್ಮ. ಅತ್ತಿದೀನಿ.’

ಪುರೋಹಿತರು ಮೆಲ್ಲಗೆ, ‘ಶಾಸ್ತ್ರದಲ್ಲಿ ದಾರಿ ಇದೆ ಶ್ರೀಧರ. ಕರ್ಮ ಆದವರು ತಿರುಗಿ ಬಂದ್ರೆ ಜಾತಕರ್ಮ, ನಾಮಕರಣ ಎಲ್ಲ ಮತ್ತೆ ಮಾಡಿ...’ ಎಂದರು.

‘ಎಷ್ಟು ಸಲ ಹುಟ್ಟಿಸ್ತೀರಿ, ಎಷ್ಟು ಸಲ ಸಾಯಿಸ್ತೀರಿ ಒಬ್ಬಳನ್ನ?’ ಮೇಷ್ಟ್ರು ಎದ್ದರು. ನನ್ನ ಕಡೆ ನೋಡದೆ ಹೇಳಿದರು. ‘ಸತ್ತವಳ ಮಗಳಿಗೆ ಈ ಮನೇಲಿ ಜಾಗ ಇತ್ತು. ಬದುಕಿರೋಳ ಮಗಳನ್ನ ಬದುಕಿರೋಳು ನೋಡ್ಕೊಳ್ಲಿ. ಅವಳು ನಿಮ್ಮನ್ನೇ ಇಟ್ಕೋ ಅಂದಿದಾಳಲ್ಲ.’

ಸೀತಮ್ಮನವರು ಹೊಸ್ತಿಲಿಗೆ ಬಂದು ನಿಂತರು. ‘ಮಗು ಬೆಳಿಗ್ಗೆಯಿಂದ ಏನೂ ತಿಂದಿಲ್ಲ. ಊಟ ಮಾಡ್ಕೊಂಡು ಹೋಗ್ಲಿ.’

‘ಅದು ಯಾರ ಹೆಸರಿನ ಊಟ ಅಂತ ಗೊತ್ತಲ್ಲ ಅಮ್ಮ’ ಎಂದರು ಮೇಷ್ಟ್ರು.

ಸೀತಮ್ಮನವರು ಹೊಸ್ತಿಲನ್ನು ದಾಟಲಿಲ್ಲ. ಮಗಳು ಸತ್ತಳೆಂದಾಗ ಅರಕಲಗೂಡಿನವರೆಗೆ ಬಂದಿದ್ದ ಆ ಹೆಂಗಸಿಗೆ, ಬದುಕಿದ್ದಾಳೆಂದಾಗ ಒಂದು ಹೆಜ್ಜೆ ಇಡಲು ಆಗಲಿಲ್ಲ.

ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಲೀನಾ ನಾಲ್ಕು ಇಡ್ಲಿ ತಿಂದಳು. ಆಮೇಲೆ ಕೇಳಿದಳು. ‘ಅಮ್ಮ ಸತ್ತಳು ಅಂತ ನೀನೇ ಹೇಳಿದ್ದಾ?’

‘ಹೂಂ.’

‘ಬೇರೆ ಏನಾದ್ರೂ ಹೇಳಬಹುದಿತ್ತು.’

‘ಹೇಳಬಹುದಿತ್ತು.’

‘ನಾನೂ ಸೈನಿಕಂಗೆ ಸುಳ್ಳು ಹೇಳ್ದೆ ಅಲ್ವಾ? ಯಾರನ್ನೂ ಸಾಯಿಸ್ದೇ ಹೇಳ್ದೆ.’

ಇಡ್ಲಿಯ ದುಡ್ಡು ಕೊಟ್ಟು ಬಂದು, ಅವಳ ಬೆರಳಿನ ಚಟ್ನಿ ಒರೆಸಿದೆ.

ಚನ್ನರಾಯಪಟ್ಟಣದಲ್ಲಿ ಮನೆ ಮಾಡಿದೆವು. ಅಲ್ಲಿನ ಲ್ಯಾಬಿನಲ್ಲಿ ಸಂಬಳ ಸ್ವಲ್ಪ ಹೆಚ್ಚು, ಲೀನಾಳಿಗೆ ವ್ಯಾನು ಬರುವ ಶಾಲೆ. ಮನೆ ಮಾಲೀಕರು ಕೊಬ್ಬರಿ ವ್ಯಾಪಾರದ ಶಿವಮ್ಮ, ವಿಭೂತಿ ಹಚ್ಚಿದ ಹಣೆ, ದೊಡ್ಡ ಗಂಟಲು. ‘ಗಂಡ ಎಲ್ಲವ್ನೆ?’ ಎಂದು ಕೇಳಿದರು. ಇಲ್ಲ, ಮಗು ಗೆಳತಿಯದು, ಗೆಳತಿ ಯುದ್ಧದ ನಿರಾಶ್ರಿತರ ಶಿಬಿರದಲ್ಲಿದ್ದಾಳೆ, ಮಗುವಿನ ತಂದೆ ಮುಸಲ್ಮಾನ ಎಂದು ಒಂದೇ ಉಸಿರಿಗೆ ಎಲ್ಲ ಹೇಳಿಬಿಟ್ಟೆ. ಇನ್ನು ಒಂದು ಸಣ್ಣ ಸುಳ್ಳೂ ಹೇಳುವ ಶಕ್ತಿ ಇರಲಿಲ್ಲ. ಶಿವಮ್ಮ, ‘ನಾ ಕೇಳಿದ್ದು ಒಂದು, ನೀ ಏಳಿದ್ದು ಒಂಬತ್ತು. ನೀರು ದಿನ ಬಿಟ್ಟು ದಿನ ಬತ್ತದೆ, ತಿಳ್ಕ’ ಎಂದು ಬೀಗದ ಕೈ ಕೊಟ್ಟರು.

ಕಾಗದ ತಿದ್ದಿಸಲು ಹಾಸನಕ್ಕೆ ಓಡಾಡಿದೆ. ‘ಸತ್ತವ್ರೆ ಅನ್ನೋಕೆ ಫಾರಂ ಐತೆ ಮೇಡಂ. ಸತ್ತಿಲ್ಲ ಅನ್ನೋಕೆ ಇಲ್ಲ. ಅವ್ರೇ ಬಂದು ನಿಂತ್ಕೊಂಡ್ರೆ ನೋಡಾಣ’ ಎಂದ ಗುಮಾಸ್ತ. ಅವನು ಗೇಲಿ ಮಾಡಲಿಲ್ಲ, ಇದ್ದದ್ದನ್ನು ಹೇಳಿದ. ನನ್ನ ಎರಡು ಪದಗಳನ್ನು ಅಳಿಸಲು ಏಳು ಸಲ ಹೋಗಬೇಕಾಯಿತು. ಈಗಲೂ ಒಂದು ಕಡತದಲ್ಲಿ ಶೈಲಜಾ ಸತ್ತೇ ಇದ್ದಾಳೆ.

ಶಿಬಿರದಲ್ಲಿ ಫೋನು ಸಿಕ್ಕ ಶುಕ್ರವಾರಗಳಲ್ಲಿ ಅವಳು ಮಾತಾಡುತ್ತಿದ್ದಳು. ಪ್ರತಿ ಸಲವೂ ‘ಮುಂದಿನ ತಿಂಗಳು ಬಂದುಬಿಡ್ತೀನಿ ಪುಟ್ಟಿ’. ಆ ರಾತ್ರಿಗಳು ಎಲ್ಲಕ್ಕಿಂತ ಕೆಟ್ಟವು. ಗೇಟಿನ ಸದ್ದಾದರೆ ಲೀನಾ ಎದ್ದು ಕೂರುತ್ತಿದ್ದಳು; ಬಂದವರು ಅಮ್ಮನೋ ಎಂದು ಅವಳು, ಸೈನಿಕನೋ ಎಂದು ನಾನು. ಇಬ್ಬರೂ ಬಾಗಿಲು ನೋಡುತ್ತಾ ಕೂತಿರುತ್ತಿದ್ದೆವು. ಮೇಷ್ಟ್ರ ಮನೆಯಿಂದ ಒಂದು ಫೋನೂ ಬರಲಿಲ್ಲ.

ಮತ್ತೆ ಬೇಸಿಗೆ ಕಳೆದು ಶಾಲೆ ಶುರುವಾದ ಮೇಲಿನ ಒಂದು ಶುಕ್ರವಾರ, ಸಂಜೆ ಐದರ ಹೊತ್ತಿಗೆ ಫೋನು ಬಂತು. ಶೈಲಜಾ ಎಂದಿನಂತೆ ಶುರು ಮಾಡುವ ಮೊದಲೇ ಲೀನಾ ಕೇಳಿದಳು. ‘ಅಮ್ಮ, ನಿಜ ಹೇಳು. ನೀನು ಬರಲ್ಲ ಅಲ್ವಾ?’

ಆ ಕಡೆ ಬರೀ ಗಾಳಿ.

‘ಈ ವರ್ಷ ಬರಲ್ಲ ಪುಟ್ಟಿ’ ಎಂದಳು ಶೈಲಜಾ. ‘ಇಲ್ಲಿ ಅಜ್ಜಿಗೆ ಹುಷಾರಿಲ್ಲ. ಅಪ್ಪನ್ನ ಹುಡುಕಬೇಕು. ಅಪ್ಪ ಇದಾನೋ ಇಲ್ವೋ ಅದೂ ನಂಗೆ ಗೊತ್ತಿಲ್ಲ. ಮುಂದಿನ ವರ್ಷದ್ದೂ ಗೊತ್ತಿಲ್ಲ.’

‘ಸರಿ’ ಎಂದಳು ಲೀನಾ. ಫೋನು ನನ್ನ ಕೈಗೆ ಕೊಟ್ಟು, ಅಂಗಳದ ಕೊಬ್ಬರಿ ರಾಶಿಯ ಪಕ್ಕ ಕೂತು, ಅವಳು ಅತ್ತಳು. ಹಾರ ಕಿತ್ತ ದಿನ ಅಳದಿದ್ದುದನ್ನೂ ಸೇರಿಸಿ ಅತ್ತಳು. ಶಿವಮ್ಮ ಬಂದು ಏನಾಯಿತೆಂದು ಕೈಸನ್ನೆಯಲ್ಲಿ ಕೇಳಿದರು. ನಾನು ತಲೆಯಾಡಿಸಿದೆ. ಅವರು ಅಲ್ಲೇ ಕೂತು ಕೊಬ್ಬರಿ ಒಡೆಯುವ ಕೆಲಸ ಮುಂದುವರಿಸಿದರು. ಕತ್ತಲಾದ ಮೇಲೆ ಲೀನಾ ಎದ್ದು ಬಂದು ಅನ್ನ ಕೇಳಿದಳು, ಎರಡು ಸಲ ಹಾಕಿಸಿಕೊಂಡಳು, ಕೈ ತೊಳೆದವಳೇ ಮಲಗಿದಳು. ಬಾಗಿಲಿಗೆ ಬೆನ್ನು ಹಾಕಿ ಮಲಗಿದಳು. ಸ್ವಲ್ಪ ಹೊತ್ತು ಅವಳ ಉಸಿರು ಕೇಳುತ್ತಾ ಇದ್ದೆ. ಎಲ್ಲಿಯವರೆಗೆ ಕೇಳಿದೆನೋ ಗೊತ್ತಿಲ್ಲ.

ಬೆಳಿಗ್ಗೆ ಬಾಗಿಲು ಬಡಿದದ್ದು ಶಿವಮ್ಮ. ಬಿಸಿಲು ಗೋಡೆ ಹತ್ತಿತ್ತು.

‘ಬದುಕಿದ್ದೀರೇನ್ರವ್ವ? ಸ್ಕೂಲ್ ವ್ಯಾನ್‌ನೋನು ಬಂದು ಅದೆಷ್ಟು ಆರನ್ ಒಡ್ದ! ಬೀದಿಯೋರೆಲ್ಲ ಎದ್ದು ಬಂದ್ರು. ಬೈಕಂಡು ಒಂಟೋದ. ನಿಮ್ಗೆ ಕೇಳ್ನೇ ಇಲ್ವಾ?’

‘ಇಲ್ಲ’ ಎಂದೆ. ‘ಇಬ್ಬರಿಗೂ ಕೇಳಿಸಲಿಲ್ಲ.’